ಕಂಬಿಯಾಚೆಯ ಪಂಕ್ತಿ

ಇವತ್ತು ಬೆಳಿಗ್ಗೆ ನಾನಿನ್ನೂ ಹಾಸಿಗೆಯಲ್ಲಿದ್ದಾಗಲೇ ಗುರೆಳ್ಳು ಹುರಿಯುವ ವಾಸನೆ ಬಂತು. ಎದ್ದು ನೋಡಿದರೆ ಅಡುಗೆಮನೆಯಲ್ಲಿ ಮೊಮ್ಮಗಳು ಒಬ್ಬಳೇ ನಿಂತು ಬುತ್ತಿ ಕಟ್ಟಿಕೊಳ್ಳುತ್ತಿದ್ದಳು. ಕಾಲೇಜಿನ ಗೆಳತಿಯರ ಜೊತೆ ನೀರಿನ ಪಾರ್ಕಿಗೆ ಹೊರಟಿದ್ದಳು. ಬಾಣಲೆಯಲ್ಲಿ ಕರಿ ಗುರೆಳ್ಳು ಚಟಪಟ ಸಿಡಿಯುತ್ತಿತ್ತು, ಪಕ್ಕದಲ್ಲಿ ಬೆಳ್ಳುಳ್ಳಿ, ಒಣಮೆಣಸಿನಕಾಯಿ. ಆ ಘಾಟಿಗೆ ನನ್ನ ಕಣ್ಣಲ್ಲಿ ನೀರು ಬಂತು. ಅರ್ಧ ಘಾಟಿಗೆ ಬಂದದ್ದು. ಉಳಿದರ್ಧ ಎದುರುಮನೆಯ ಅಕ್ಕನ ನೆನಪಿಗೆ.

ಅಕ್ಕ ಅಂದರೆ ಒಡಹುಟ್ಟಿದವರಲ್ಲ. ವಿನೋಬನಗರದ ನಮ್ಮ ಓಣಿಯಲ್ಲಿ ನಮ್ಮ ಬಾಗಿಲಿಗೆ ಅವರ ಬಾಗಿಲು ಎದುರು, ಅಷ್ಟೆ. ನನಗಿಂತ ದೊಡ್ಡವರು. ಗಂಡ ಹೋದ ಮೇಲೆ ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಟ್ಟು ಮಗನನ್ನು ಸಾಕಿದವರು. ಅವರ ಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಓಣಿಗೆಲ್ಲ ಬೆಳಗಾಯಿತು ಅಂತ ಅರ್ಥ. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಹತ್ತಿ ಮಿಲ್ಲು ಸೇರಿದವನು, ಗಡಿಯಾರ ನೋಡುವುದಕ್ಕಿಂತ ಆ ಸದ್ದು ಕೇಳಿಯೇ ಪಾಳಿಗೆ ಹೋಗುತ್ತಿದ್ದೆ.

ನಮ್ಮ ಮೊಮ್ಮಗಳು ಚಿಕ್ಕವಳಿದ್ದಾಗ ಏನು ತಿಂದರೂ ಮೈಗೆ ಹತ್ತುತ್ತಿರಲಿಲ್ಲ. ಆಸ್ಪತ್ರೆಯಿಂದ ಆಸ್ಪತ್ರೆಗೆ ಎತ್ತಿಕೊಂಡು ತಿರುಗಿದೆವು. ಕಡೆಗೆ ಒಬ್ಬ ಡಾಕ್ಟರು ಕಂಡುಹಿಡಿದರು. ಈ ಮಗುವಿಗೆ ಗೋಧಿ ಆಗುವುದಿಲ್ಲ, ರವೆ, ಮೈದಾ ಯಾವುದೂ ಆಗದು, ಗೋಧಿ ಹಿಟ್ಟು ತಾಗಿದ ಪಾತ್ರೆಯೂ ಬೇಡ, ಜನ್ಮಪೂರ್ತಿ ಹೀಗೇ ಅಂದರು. ಸೊಸೆ ಅಳುತ್ತಾ ಬಂದು ಕೂತಳು. ಎದುರುಮನೆಯ ಅಕ್ಕ ವಿಷಯ ಕೇಳಿ, "ಅಷ್ಟೇನಾ? ನಮ್ಮಪ್ಪ ಗೋಧಿ ನೋಡಿದ್ದು ಹಬ್ಬಕ್ಕೊಮ್ಮೆ. ಜೋಳ ತಿಂದೇ ಎಂಬತ್ತು ದಾಟಿದ" ಅಂದರು. ಮಾತಿಗೆ ಹೇಳಿ ಹೋದವರಲ್ಲ ಅವರು. ಗಿರಣಿಯಲ್ಲಿ ಎಲ್ಲರ ಗೋಧಿಯೂ ಬೀಳುತ್ತದೆ ಅಂತ ಅಟ್ಟದ ಮೇಲಿನ ಬೀಸುವ ಕಲ್ಲು ಇಳಿಸಿದರು. ಮೊಮ್ಮಗಳ ಪಾಲಿನ ಜೋಳವನ್ನು ತಾವೇ ಬೀಸಿ, ಬೇರೆ ಹಂಚಿನ ಮೇಲೆ ರೊಟ್ಟಿ ಮಾಡಿ ಕೊಡುತ್ತಿದ್ದರು. ಎಷ್ಟೋ ವರ್ಷ ಕೊಟ್ಟರು.

ಹೊಟ್ಟೆಯ ಚಿಂತೆ ಹೀಗೆ ನೀಗಿತು. ಮನಸ್ಸಿನದು ನೀಗಲಿಲ್ಲ. ಹುಡುಗಿ ಶಾಲೆಯಲ್ಲಿ ಗೋಡೆ ಕಡೆ ಮುಖ ಮಾಡಿ ಡಬ್ಬಿ ಬಿಚ್ಚುತ್ತಿದ್ದಳಂತೆ. ಬೇರೆ ಮಕ್ಕಳ ಕೈತುತ್ತು ಇವಳು ತಿನ್ನುವಂತಿಲ್ಲ, ಇವಳ ಒಣರೊಟ್ಟಿ ಯಾರೂ ಕೇಳುವುದಿಲ್ಲ. ಐದನೇ ಕ್ಲಾಸಿನಲ್ಲಿದ್ದಾಗ ಶಾಲೆಯವರು ಹರಿಹರದ ಆಚೆ ಹೊಸದಾಗಿ ಆಗಿದ್ದ ನೀರಿನ ಪಾರ್ಕಿಗೆ ಮಕ್ಕಳನ್ನು ಕರೆದುಕೊಂಡು ಹೋದರು. ಇವಳ ಊಟದ ಜವಾಬ್ದಾರಿ ಬೇಡ ಅಂತ ಇವಳನ್ನು ಬಿಟ್ಟು ಹೋದರು. ಹುಡುಗಿ ಅಳಲಿಲ್ಲ. ಒಂದು ಸಂಜೆ ನನ್ನ ಪಕ್ಕ ಕೂತು, "ಅಜ್ಜ, ಅಲ್ಲಿ ಮಧ್ಯಾಹ್ನದ ಮ್ಯಾಲೆ ಅಲೆ ಬಿಡ್ತಾರಂತೆ. ಸಮುದ್ರದಂಗೆ" ಅಂದಳು. ಅಷ್ಟೇ ಅಂದದ್ದು. ಅವಳು ಅತ್ತಿದ್ದರೇ ವಾಸಿ ಇತ್ತು ಅನ್ನಿಸಿತು ನನಗೆ.

ಬೇಸಿಗೆ ರಜೆಯಲ್ಲಿ ನಾನು, ಮೊಮ್ಮಗಳು, ಎದುರುಮನೆಯ ಅಕ್ಕ ಮೂವರೂ ಹೊರಟೆವು. ಮಗ ಲಾರಿ ಮೇಲೆ ಹೋಗಿದ್ದ, ಸೊಸೆಗೆ ರಜೆ ಇರಲಿಲ್ಲ. ಅಕ್ಕ ಒಂದು ಊರಿಗಾಗುವಷ್ಟು ಬುತ್ತಿ ಕಟ್ಟಿದ್ದರು. ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಎಣ್ಣೆಗಾಯಿ, ಮೊಸರನ್ನ. "ಇಷ್ಟ್ಯಾಕ್ರಿ ಅಕ್ಕಾರೆ?" ಅಂದೆ. "ಬುತ್ತಿ ಬಿಚ್ಚಿದ ಮ್ಯಾಲೆ ಎದುರಿಗೆ ಕುಂತೋರಿಗೆ ಕೊಡದಂಗೆ ಹೆಂಗೆ ಉಣ್ತೀಯಪ್ಪ?" ಅಂದರು.

ಇಲ್ಲಿ ಒಂದು ಮಾತು ಹೇಳಬೇಕು. ಅಕ್ಕ ಅಮಾವಾಸ್ಯೆಗೆ ಉಕ್ಕಡಗಾತ್ರಿಗೆ ಹೋಗುವವರು. ಮಠ, ಗದ್ದುಗೆ ಅಂದರೆ ಬರಿಗೈಯಲ್ಲಿ ಹೋದವರಲ್ಲ. ಮನೆಯಿಂದ ಜೋಳವೋ ಬೇಳೆಯೋ ರೊಟ್ಟಿಯೋ ಒಯ್ದು ದಾಸೋಹಕ್ಕೆ ಒಪ್ಪಿಸುವುದು, ಆಮೇಲೆ ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತು ಪ್ರಸಾದ ಉಣ್ಣುವುದು. ಹುಟ್ಟಿದಾಗಿನಿಂದ ಅವರು ಕಂಡ ದೊಡ್ಡ ಬಾಗಿಲುಗಳೆಲ್ಲ ಅಂಥವೇ.

ಪಾರ್ಕಿನ ಬಾಗಿಲಲ್ಲಿ ನಾನು ಮೊಮ್ಮಗಳ ಕೈ ಹಿಡಿದು ಟಿಕೆಟಿಗೆ ನಿಂತೆ. ಅಕ್ಕ ಬುತ್ತಿ ಗಂಟು ಹೊತ್ತು ಮುಂದೆ ಹೋದರು. ಸ್ವಲ್ಪ ಹೊತ್ತಿಗೆ ಕೈ ಬೀಸಿಕೊಂಡು, ಮುಖ ಅರಳಿಸಿಕೊಂಡು ಬಂದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಬಿಲ್ಲೆ ಇತ್ತು.

"ಗಂಟು ಎಲ್ಲಿ ಅಕ್ಕಾರೆ?"

"ಕೊಟ್ಟೆ. ಇಲ್ಲೂ ದಾಸೋಹ ಐತೆ ಕಣಪ್ಪ. ಎಲ್ಲಾರೂ ಡಬ್ಬಿ ತಂದು ಮೇಜಿನ ಮ್ಯಾಲೆ ಇಡ್ತಿದ್ರು. ಊಟದ ಬಿಲ್ಲೆನೂ ಕೊಟ್ರು ನೋಡು."

ನನಗೂ ಅದು ಸರಿಯೆನಿಸಿತು. ಅಂಥ ಕಡೆ ನಾನಾದರೂ ಯಾವಾಗ ಹೋಗಿದ್ದೆ? ಸಂತೋಷದಿಂದ ಒಳಗೆ ಹೋದೆವು. ಜಾರುಬಂಡೆ, ಮೇಲಿಂದ ಸುರಿಯುವ ನೀರು, ಬಣ್ಣದ ಕೊಡೆಗಳು... ಹುಡುಗಿ ಮೊಣಕಾಲುದ್ದ ನೀರಿನಲ್ಲಿ ಮೀನಿನಂತೆ ಆಡಿದಳು. ಅಲೆ ಬಿಡುವ ಕೊಳ ಮಾತ್ರ ಸುಮ್ಮನೆ ನಿಂತಿತ್ತು. ಅವಳು ಆಗಾಗ ಅದರ ದಡಕ್ಕೆ ಹೋಗಿ ನೋಡಿ ಬರುತ್ತಿದ್ದಳು.

ಬಿಸಿಲು ನೆತ್ತಿಗೆ ಬಂದಾಗ ಅಕ್ಕ ಕೈಕಾಲು ತೊಳೆದುಕೊಂಡು, ಹುಡುಗಿಯ ಕೈಯನ್ನೂ ತೊಳೆಸಿ, ಬಾಗಿಲ ಬಳಿ ಹೋದರು. ನಾನೂ ಹಿಂದೆಯೇ ಹೋದೆ. ಅಲ್ಲಿದ್ದ ಮೀಸೆಯ ಕಾವಲುಗಾರ ಮಲೆಬೆನ್ನೂರು ಕಡೆಯವನು.

"ಪಂಕ್ತಿ ಎಲ್ಲಿ ಕೂಡ್ರಿಸ್ತೀರಪ್ಪ?" ಅಂದರು ಅಕ್ಕ.

"ಯಾವ ಪಂಕ್ತಿರಿ?"

"ಊಟದ್ದು. ಬೆಳಿಗ್ಗೆ ನೀನೇ ಅಲ್ವಾ ರೊಟ್ಟಿ ಇಸ್ಕೊಂಡಿದ್ದು?"

ಹೊರಗೆ ಹೋಗಲು ನಿಂತಿದ್ದವರೆಲ್ಲ ನಕ್ಕರು. ತಂಪು ಕನ್ನಡಕ ಹಾಕಿಕೊಂಡವನೊಬ್ಬ, "ಅಜ್ಜಿ, ಇದು ಮಠ ಅಲ್ಲ" ಅಂದ.

"ಗೊತ್ತಾತು ಬಿಡಪ್ಪ. ಮಠ ಆಗಿದ್ರೆ ನಿನ್ನ ಈ ಬಿಸಿಲಾಗೆ ನಿಲ್ಲಿಸಿ ಒಂದ್ ಲೋಟ ಮಜ್ಜಿಗೆನಾರ ಕೊಡ್ತಿದ್ರು."

ಕಾವಲುಗಾರ ನಗು ತಡೆದುಕೊಂಡು ತಿಳಿಸಿ ಹೇಳಿದ. ಹೊರಗಿನ ಊಟ ಒಳಗೆ ತರುವಂತಿಲ್ಲ. ಡಬ್ಬಿಗಳನ್ನು ಇಟ್ಟುಕೊಂಡು ಹೋಗುವಾಗ ವಾಪಸು ಕೊಡುತ್ತಾರೆ. ಊಟಕ್ಕೆ ಹೊರಗೆ ಹೋಗಬಹುದು, ಆದರೆ ಹೋದವರು ಮತ್ತೆ ಒಳಗೆ ಬರುವಂತಿಲ್ಲ. ಒಳಗೆ ಹೋಟೆಲು ಐತಲ್ರಿ ಅಂದ. ನಾನು ಓಡಿ ಹೋಗಿ ನೋಡಿದೆ. ಪೂರಿ, ಬನ್ನು, ನೂಡಲ್ಸು. ಅನ್ನವೂ ಇತ್ತು, ಆದರೆ ಪೂರಿ ಲಟ್ಟಿಸುವ ಮೇಜಿನ ಮೇಲೆಯೇ, ಹಿಟ್ಟಿನ ಕೈಯಲ್ಲೇ ಬಡಿಸುತ್ತಿದ್ದರು.

ನಾನು ಬರುವಷ್ಟರಲ್ಲಿ ಹುಡುಗಿಗೆ ಎಲ್ಲ ಅರ್ಥವಾಗಿತ್ತು. ಉಂಡರೆ ಅಲೆ ಇಲ್ಲ, ಅಲೆ ಬೇಕೆಂದರೆ ಊಟ ಇಲ್ಲ. "ನಂಗೆ ಹಸಿವೇ ಇಲ್ಲಜ್ಜ" ಅಂದಳು. ತುಟಿ ಒಣಗಿತ್ತು. ನಾನು ಹೊರಗೆ ಹೋಗುತ್ತೇನೆ, ಏನಾದರೂ ಮಾಡೋಣ ಅಂದೆ.

"ನೀನು ಹೋದ್ರೆ ಕೂಸಿನ ಜೊತಿಗೆ ನೀರಿಗೆ ಯಾರು ಇಳೀತಾರೆ? ನಾನು ಒಂಬತ್ತು ಗಜದ ಸೀರೆ ಉಟ್ಟಾಕಿ" ಅಂದರು ಅಕ್ಕ. ಅಂದವರೇ ಬಿಲ್ಲೆ ಕೊಟ್ಟು, ಗಂಟು ಇಸಿದುಕೊಂಡು, ಬಾಗಿಲು ದಾಟಿಬಿಟ್ಟರು.

ಪಾರ್ಕಿನ ಬೇಲಿ ಕಬ್ಬಿಣದ ಕಂಬಿಯದು. ಹೊರಗೆ ಒಂದು ಹೊಂಗೆ ಮರ. ಅದರ ನೆರಳಿನಲ್ಲಿ ಕಂಬಿಗೆ ಒತ್ತಿ ಕೂತು ಅಕ್ಕ ಗಂಟು ಬಿಚ್ಚಿದರು. "ಬಾ ನನ್ನವ್ವ, ಅಲ್ಲೇ ಕೂಡ್ರು" ಅಂದರು. ರೊಟ್ಟಿ ಮುರಿದು, ಎಣ್ಣೆಗಾಯಿ ಇಟ್ಟು, ಕಂಬಿಯ ಸಂದಿಯಿಂದ ಹುಡುಗಿಯ ಬಾಯಿಗೇ ತುತ್ತು ಕೊಟ್ಟರು.

ಕಾವಲುಗಾರ ಓಡಿ ಬಂದ. "ಅಮ್ಮಾರೆ, ಹೊರಗಿನ ಊಟ ಒಳಗೆ ಬರಂಗಿಲ್ರಿ."

"ಎಲ್ಲಿ ಬಂತಪ್ಪ? ಡಬ್ಬಿ ಹೊರಗೈತೆ, ನಾನು ಹೊರಗದೀನಿ. ತುತ್ತು ಕೂಸಿನ ಹೊಟ್ಟಿಗೆ ಹೋತು. ಹೊಟ್ಟಿನೂ ನಿಮ್ಮ ಪಾರ್ಕಿಂದಾ?"

ಅವನು ಅತ್ತ ಇತ್ತ ನೋಡಿದ. ಅಕ್ಕ ಒಂದು ರೊಟ್ಟಿಯ ಮೇಲೆ ಗುರೆಳ್ಳು ಚಟ್ನಿ ಹಾಕಿ ಅವನ ಕಡೆಗೂ ಚಾಚಿದರು. "ಹಿಡಿ. ಮುಂಜಾನಿಂದ ನಿಂತಿ." ಅವನು ಟೋಪಿ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಇಸಿದುಕೊಂಡ.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ನಮ್ಮಂತೆಯೇ ಡಬ್ಬಿ ಇಟ್ಟು ಬಂದಿದ್ದ ಒಬ್ಬ ತಾಯಿ ಇದನ್ನು ನೋಡಿ ತಾನೂ ಹೊರಗೆ ಹೋಗಿ ಅಕ್ಕನ ಪಕ್ಕ ಕೂತಳು. ಇನ್ನೊಂದು ಮನೆಯ ಅಜ್ಜಿ ಬಂದರು, ಮತ್ತೊಬ್ಬರು ಬಂದರು. ಕಂಬಿಯ ಆಚೆ ಬಡಿಸುವವರ ಸಾಲು, ಈಚೆ ಒದ್ದೆ ಬಟ್ಟೆಯ ಮಕ್ಕಳ ಸಾಲು. ನಮ್ಮ ಹುಡುಗಿಯ ಪಕ್ಕ ಕೂತ ಯಾರದೋ ಮಗಳು ತನ್ನ ಚಪಾತಿ ಕೆಳಗಿಟ್ಟು, "ನಿಂದು ಕರುಂ ಕುರುಂ ಅಂತೈತಲ್ಲ, ನಂಗೂ ಕೊಡೇ" ಅಂದಳು. ಮೊಮ್ಮಗಳು ತಿನ್ನುವುದನ್ನೇ ನಿಲ್ಲಿಸಿದಳು. ಅವಳ ಡಬ್ಬಿಯದನ್ನು ಅವತ್ತಿನವರೆಗೂ ಯಾರೂ ಕೇಳಿರಲಿಲ್ಲ. ಮೆಲ್ಲಗೆ ಒಂದು ರೊಟ್ಟಿ ಎತ್ತಿ ಕೊಟ್ಟಳು. ಆ ಹುಡುಗಿ ಕಡಿದ ಸದ್ದಿಗೆ ಇಬ್ಬರೂ ನಕ್ಕರು. ಮುಖ ಗೋಡೆ ಕಡೆ ಇರಲಿಲ್ಲ.

ಅಷ್ಟರಲ್ಲಿ ಬೂಟು ಹಾಕಿಕೊಂಡ ಪಾರ್ಕಿನ ದೊಡ್ಡ ಸಾಹೇಬರು ಬಂದರು. ನಾನು ಕೈ ಮುಗಿದು ಹುಡುಗಿಯ ಸಂಗತಿ ಹೇಳಿದೆ. ಅವರು ಕೇಳಿಸಿಕೊಂಡು, "ಇದನ್ನ ಮೊದಲೇ ಹೇಳಿದ್ರೆ ಮಗು ಡಬ್ಬಿ ಒಳಗೇ ಬಿಡ್ತಿದ್ವಲ್ಲಾ. ಕಾಯಿಲೆ ಇದ್ದೋರಿಗೆ ಅಡ್ಡಿ ಇಲ್ಲ" ಅಂದರು.

"ಕೇಳಿದ್ರೆ ಕೊಡ್ತೀರಿ ಅಂತ ನಮಗೇನು ಗೊತ್ರಿ ಸಾಹೇಬ್ರೆ? ಕೇಳಾಕೂ ಕಲಿಬೇಕು" ಅಂದರು ಅಕ್ಕ. "ಬರ್ರಿ, ಕೂಡ್ರಿ. ಮೊಸರನ್ನ ಐತೆ."

ಸಾಹೇಬರು ಕೂಡಲಿಲ್ಲ, ಬೈಯಲೂ ಇಲ್ಲ. ಅಮ್ಮನನ್ನು ಒಳಗೆ ಬಿಡು ಅಂತ ಕಾವಲುಗಾರನಿಗೆ ಹೇಳಿ ಹೋದರು. ಆದರೆ ಬಡಿಸುವವರು ಪಂಕ್ತಿ ಏಳುವ ಮುಂಚೆ ಏಳಬಾರದು ಅನ್ನುವುದು ಅಕ್ಕನ ನೇಮ. "ಈ ಮಕ್ಕಳು ಏಳ್ಲಿ, ಬರ್ತೀನಿ. ನೀವು ಹೋಗ್ರಿ, ಅಲೆ ಬಿಟ್ಟಾರು" ಅಂದರು. ಕೊಳದ ಕಡೆಯಿಂದ ಸೀಟಿ ಕೇಳಿಸಿತು. ಹುಡುಗಿ ನನ್ನನ್ನು ಎಳೆದುಕೊಂಡು ಓಡಿದಳು. ಮೊದಲ ಅಲೆ ಬಂದು ನಮ್ಮಿಬ್ಬರನ್ನೂ ಎತ್ತಿ ಹಾಕಿದಾಗ ಅವಳು ಕೂಗಿದ ಕೂಗು... ಅಂಥ ಕೂಗು ಅವಳ ಗಂಟಲಲ್ಲಿ ಇದೆ ಅಂತಲೇ ನನಗೆ ತಿಳಿದಿರಲಿಲ್ಲ.

ಅಲೆ ನಿಂತ ಮೇಲೆ ಹೋಗಿ ನೋಡಿದರೆ, ಕಂಬಿಯ ಆಚೆ ಖಾಲಿ ಡಬ್ಬಿಗಳ ನಡುವೆ ಅಕ್ಕ ಮರಕ್ಕೆ ಒರಗಿ ನಿದ್ದೆ ಹೋಗಿದ್ದರು. ಬಸ್ಸಿನಲ್ಲಿ ಹುಡುಗಿ ಎರಡು ಕೈಯಲ್ಲೂ ಅಲೆ ಮಾಡಿ ತೋರಿಸುತ್ತಾ, "ನೀವು ನೋಡ್ಲೇ ಇಲ್ಲಲ್ಲ" ಅಂತ ಕೊರಗಿದಳು. "ಬಿಡವ್ವ, ನೀನು ಕೂಗಿದ್ದು ಹೊರಗೆ ಕೇಳ್ತು" ಅಂದರು ಅಕ್ಕ. ಇನ್ನೊಮ್ಮೆ ಹೋಗೋಣ ಅಂದುಕೊಂಡೆವು. ಆಗಲಿಲ್ಲ.

ಶಾಲೆ ತೆರೆದ ಮೇಲೆ ಮೊಮ್ಮಗಳು ಎರಡು ರೊಟ್ಟಿ ಹೆಚ್ಚಿಗೆ ಕೇಳತೊಡಗಿದಳು. ಪಕ್ಕದವರಿಗಂತೆ.

ಈಗ ಇವತ್ತಿನ ಮಾತು. ಸಂಜೆ ಮೊಮ್ಮಗಳು ಪಾರ್ಕಿನಿಂದ ಬಂದಳು. ಮುಖ ಬಿಸಿಲಿಗೆ ಕಂದಿತ್ತು, ಬಾಯಿ ನಿಲ್ಲುತ್ತಿರಲಿಲ್ಲ. ಮೊನ್ನೆಯೇ ತಾನೇ ಆ ಪಾರ್ಕಿನವರಿಗೆ ಫೋನು ಮಾಡಿ ಕೇಳಿದ್ದಳಂತೆ. ಬಾಗಿಲಲ್ಲಿ ಡಾಕ್ಟರ ಚೀಟಿ ನೋಡಿ ಡಬ್ಬಿಯನ್ನು ಒಳಗೆ ಬಿಟ್ಟರಂತೆ. ಅದೇ ಗುಂಪಿನಲ್ಲಿದ್ದ ಸಕ್ಕರೆ ಕಾಯಿಲೆಯ ಹುಡುಗಿಯ ಪರವಾಗಿಯೂ ಇವಳೇ ಮಾತಾಡಿದಳಂತೆ. "ಕೇಳಿದ್ರೆ ಕೊಡ್ತಾರಜ್ಜ" ಅಂದಳು. ಹೊಟ್ಟೆಯೊಳಗೆ ಹಿಡಿಸದಷ್ಟು ಸಂತೋಷವಾಯಿತು ನನಗೆ. ಕೂತಲ್ಲಿ ಕೂರಲಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಓಣಿ ದಾಟಿ, ಎದುರುಮನೆಯ ಮೆಟ್ಟಿಲು ಹತ್ತಿಯೂಬಿಟ್ಟೆ.

ಹತ್ತಿದ ಮೇಲೆ ನೆನಪಾಯಿತು. ಅಕ್ಕ ಹೋಗಿ ವರ್ಷವಾಗುತ್ತ ಬಂತು.

ಅವರ ಸೊಸೆ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. "ಏನ್ ಮಾವಾರೆ, ಹಂಗ್ಯಾಕ ನಿಂತ್ರಿ?"

"ನಿಮ್ಮತ್ತೇರಿಗೆ ಒಂದು ಸುದ್ದಿ ಹೇಳೋದಿತ್ತಮ್ಮ."

ಆಕೆ ಮೊರ ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. "ಕೂಡ್ರಿ. ನಂಗೇ ಹೇಳ್ರಿ. ಅವ್ರಂಗೆ ನಡುವೆ ನಡುವೆ ಬಾಯಿ ಹಾಕಾಕ ನಂಗೆ ಬರಲ್ಲ, ಸುಮ್ನೆ ಕೇಳ್ತೀನಿ."

ಕೂತೆ. ಮೊದಲಿನಿಂದ ಕೊನೆಯವರೆಗೂ ಹೇಳಿದೆ. ನಡುವೆ ಯಾರೂ ಬಾಯಿ ಹಾಕಲಿಲ್ಲ.