ಹದಿನೆಂಟನೆಯ ಕುಳಿಯನ್ನು ಸರಿಸಿದವನು

ಯಲ್ಲಪ್ಪ, ಅಂದು ನಿನ್ನನ್ನು ಸೋಲಿಸಿದ್ದು ನಾನು. ಹದಿನೆಂಟನೆಯ ಗ್ರೀನಿನ ನುಣುಪು ಹುಲ್ಲಿನಲ್ಲಿ ಚೆಂಡು ಬೀಳುವ ಕುಳಿಯನ್ನು ಬೇಕೆಂದೇ ಇಳಿಜಾರಿಗೆ ಸರಿಸಿ ಕೊರೆದೆ.

ಆರು ವರ್ಷ ಸುಂಕದಕಟ್ಟೆಯ ಒಂದೇ ಕೋಣೆಯಲ್ಲಿದ್ದೆವು. ದಿನವೂ ಒಂದೇ ಬೈಕಿನಲ್ಲಿ ಕೆಂಗೇರಿಯಾಚೆಯ ಗಾಲ್ಫ್ ಮೈದಾನಕ್ಕೆ — ನಾನು ಹುಲ್ಲು ನೋಡಿಕೊಳ್ಳುವವನು, ನೀನು ಆಡುವವರ ಚೀಲ ಹೊರುತ್ತಲೇ ಆಟ ಕಲಿತವನು. ನಿನ್ನ ಜೋಳದ ರೊಟ್ಟಿಯ ವಾಸನೆಗೆ ಏಳುತ್ತಿದ್ದ ನನಗೆ ಬೇರೆ ಥರದ ಬೆಳಗು ಇರಬಹುದೆಂದೇ ತೋಚಿರಲಿಲ್ಲ.

ನಮ್ಮ ಮೈದಾನದಲ್ಲೇ ನಾಲ್ಕು ದಿನದ ರಾಷ್ಟ್ರೀಯ ಚಾಂಪಿಯನ್‌ಶಿಪ್. ಮೂರು ದಿನ ಮುಗಿದಾಗ ನೀನೇ ಮುಂದಿದ್ದೆ. ಅಂದು ರಾತ್ರಿ ರೊಟ್ಟಿ ಬಡಿಯುತ್ತ ನೀನು ಹೇಳಿದೆ: “ಗೆದ್ರ ದಿಲ್ಲಿ ಕೋಚ್ ಕರ್ಕೊಂಡ್ ಹೋಗ್ತಾರಂತ. ಈ ಖೋಲಿ ನಿನಗ ಬಿಟ್ನಿ ನೋಡ್ಲೇ!” ನೀನು ನಕ್ಕೆ. ನಾನೂ ನಕ್ಕಿರಬೇಕು.

ಕೊನೆಯ ದಿನ ಮುಂಜಾನೆ ಪಂದ್ಯದ ಅಧಿಕಾರಿ, ಕುಳಿ ಎಲ್ಲಿರಬೇಕೆಂದು ಹುಲ್ಲಿನ ಮೇಲೆ ಬಿಳಿ ಚುಕ್ಕೆ ಇಟ್ಟರು. “ಸುತ್ತ ಎರಡು ಹೆಜ್ಜೆ ಸಮ ಇರ್ಬೇಕು ಕಣಪ್ಪ. ಬೆಳಿಗ್ಗೆ ಇಬ್ಬನಿಗೆ ಚೆಂಡು ಹೆಂಗೂ ನಿಲ್ಲುತ್ತೆ, ಮಧ್ಯಾಹ್ನ ಒಣಗಿದ್ಮೇಲೂ ನಿಲ್ಬೇಕು. ಕೊನೇಲಿ ಆಡೋನಿಗೂ ನ್ಯಾಯ ಸಿಗ್ಬೇಕು.”

ಮುಂದಿರುವವನೇ ಕೊನೆಯಲ್ಲಿ ಆಡುವುದು. ಅಂದರೆ ನೀನು.

ಅವರು ಮರೆಯಾದ ಮೇಲೆ ನಾಲ್ಕು ಗೇಣು ಎಡಕ್ಕೆ ಸರಿದು ಕೊರೆದೆ. ಚುಕ್ಕೆಯನ್ನು ಹೆಬ್ಬೆರಳಿನಿಂದ ಉಜ್ಜಿದೆ.

ಬೆಳಿಗ್ಗೆ ಆಡಿದವರ ಚೆಂಡುಗಳು ನಿಂತವು. ಮಧ್ಯಾಹ್ನ ನಿನ್ನ ಚೆಂಡು ಕುಳಿಯ ಅಂಚು ಸವರಿ, ನಿಂತಂತೆಯೇ ಮಾಡಿ — ಉರುಳಿತು, ಇಳಿಜಾರಿನುದ್ದಕ್ಕೂ, ನಿನ್ನ ಕಾಲ ಬಳಿಗೇ. ಒಂದೇ ಒಂದು ಹೊಡೆತದಿಂದ ಸೋತೆ.

ಸಂಜೆ ಬೈಕಿನಲ್ಲಿ ನನ್ನ ಬೆನ್ನಿಗೆ ಹಣೆ ಒತ್ತಿ ನೀನು ನನ್ನನ್ನೇ ಸಮಾಧಾನ ಮಾಡಿದೆ: “ಗ್ರೀನ್ ಛಲೋನ ಮಾಡಿದ್ದಿ ಬಿಡೋ. ನನ್ನ ಕೈನ ನಡುಗಿತು.” ಉಲ್ಲಾಳದ ಸಿಗ್ನಲ್‌ನಲ್ಲಿ ಹೇಳಲು ಬಾಯಿ ತೆರೆದೆ. ಹಸಿರು ದೀಪ ಬಂತು, ಹಿಂದಿನವರು ಹಾರ್ನ್ ಹೊಡೆದರು. ಅಷ್ಟೇ.

ನಿನ್ನನ್ನು ಉಳಿಸಿಕೊಳ್ಳಲು ಮಾಡಿದ್ದು — ಎರಡೇ ವಾರಕ್ಕೆ ನೀನು ಧಾರವಾಡಕ್ಕೆ ಹೊರಟುಹೋದೆ. ಟೈಲ್ಸ್ ಅಂಗಡಿಯಲ್ಲಿದ್ದೀಯಂತೆ, ಮತ್ತೆ ಗಾಲ್ಫ್ ಕೋಲು ಮುಟ್ಟಿಲ್ಲವಂತೆ. ಬೈಕಿನ ಹಿಂದಿನ ಸೀಟಿಗೆ ಜಾಗ ಬಿಟ್ಟು ಮುಂದೆ ಸರಿದು ಕೂರುವ ಅಭ್ಯಾಸ ನನಗಿನ್ನೂ ಹೋಗಿಲ್ಲ.

ನಿನ್ನೆ ಮೈದಾನದ ಮ್ಯಾನೇಜರಿಗೆ ಎಲ್ಲ ಬರೆದುಕೊಟ್ಟೆ. ಓದಿ, “ಇಷ್ಟು ವರ್ಷ ಆದ್ಮೇಲೆ ಯಾಕ್ರೀ?” ಎಂದರು.

ಭಾನುವಾರ ಬರುತ್ತೇನೆ. ನೀನು ಬಾಗಿಲು ತೆರೆಯದಿದ್ದರೆ ಬೀದಿಯಲ್ಲೇ ನಿಂತು, ನಿನ್ನ ಮನೆಯವರೆಲ್ಲ ಕೇಳುವಂತೆ ಹೇಳುತ್ತೇನೆ — ಯಲ್ಲಪ್ಪ, ನಿನ್ನ ಕೈ ನಡುಗಿರಲಿಲ್ಲ.