ಬೆನ್ನಿಗೆ ಕಿವಿಗೊಡುವ ಉಷಾ ಸಿಸ್ಟರ್

ನ್ಯುಮೋನಿಯಾ ಬಂದು ವೆಂಟಿಲೇಟರ್ ಕಂಡು ಮರಳಿದವರ ಮನೆಗಳಿಗೆಲ್ಲ ಹೋಗುವ ಉಷಾ ಸಿಸ್ಟರ್, ಕೋಡಂಬಾಕ್ಕಂನ ನಮ್ಮ ಮನೆಗೂ ವಾರಕ್ಕೆರಡು ಸಲ ಬರುತ್ತಾರೆ. ಚಪ್ಪಲಿ ಬಿಡುವ ಮೊದಲೇ ಅವರ ಕಿವಿ ರೋಗಿಯ ಕೆಮ್ಮಿನ ಮೇಲಿರುತ್ತದೆ. ಕಾಫಿ ಕೊಟ್ಟರೆ ಕುಡಿಯುತ್ತಾರೆ, ಪಾಯಸ ಕೊಟ್ಟರೆ ತಮಿಳು ಬೆರೆತ ಕನ್ನಡದಲ್ಲಿ ಬೈಯುತ್ತಾರೆ. "ಆಕ್ಸಿಜನ್ ತೆಗೆದ್ರು ಅಂತ ಪಾಯಸಾನಾ? ಒಳಗಿನ ನೀರು ಇಳಿದಿದೆ, ಅಷ್ಟೇ ಮಾ. ಗಾಯ ಈಗ ಒಣಗ್ತಾ ಇದೆ. ಒಣಗುವಾಗಲೇ ಶ್ವಾಸಕೋಶ ಬಿಗಿಯಾಗೋದು." ಒಂದೇ ಉಸಿರಿಗೆ ಎಷ್ಟು ಎಣಿಸುತ್ತೀರಿ ಎಂದು ಕೇಳುತ್ತಾರೆ, ನಡುವೆ ಕಳ್ಳ ಉಸಿರು ಎಳೆದರೆ, "ಸಾರ್, ಏಮಾರಿಸಬೇಡಿ" ಎಂದು ಮತ್ತೆ ಒಂದರಿಂದ ಶುರು ಮಾಡಿಸುತ್ತಾರೆ. ದೇವರೇ ಎದುರು ಬಂದರೂ ಮೊದಲು ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ ಹಾಕಿ, ಆಮೇಲೆ ಕೈ ಮುಗಿದಾರು. 'ವಾಸಿಯಾಯಿತು' ಎಂಬ ಮಾತನ್ನು ಅವರ ಬಾಯಲ್ಲಿ ನಾನಂತೂ ಕೇಳಿಲ್ಲ. ನನ್ನ ಗಂಡ ಪ್ರಮೋದನಿಗೆ ಮೂರು ತಿಂಗಳಿಂದ ಒಂದೇ ಆಸೆ: ಎರಡು ವರ್ಷದ ಮಗಳು ಮಾನ್ಯಾಳನ್ನು ಎತ್ತಿಕೊಳ್ಳಬೇಕು. ಇವತ್ತು ಸಿಸ್ಟರ್ ಅವನ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಮಕ್ಕಳ ಶೂ ಪಟ್ಟಿಯನ್ನು ಪರ್ರನೆ ಬಿಚ್ಚಿದಂಥ, ಬಿಗಿದ ಶ್ವಾಸಕೋಶದ ಸದ್ದು ಅಲ್ಲಿ ಇನ್ನೂ ಹೋದ ತಿಂಗಳಿನಷ್ಟೇ ಇದೆಯಂತೆ. ನನ್ನನ್ನು ಅಡುಗೆಮನೆಗೆ ಕರೆದು ಇದನ್ನು ಹೇಳಿದಾಗ, "ಮುಂದಿನ ತಿಂಗಳಾದ್ರೂ ಮಗೂನ ಎತ್ಕೋಬಹುದಾ ಸಿಸ್ಟರ್?" ಎಂದೆ. ಅವರು ನನ್ನ ಕಾಲ ಬಳಿಯಿದ್ದ ಪುಟ್ಟ ಸ್ಟೂಲನ್ನು ಒಯ್ದು ಪ್ರಮೋದನ ಕುರ್ಚಿಗೆ ಒತ್ತಿ ಇಟ್ಟರು. ಮಾನ್ಯಾಳ ಕೈ ಹಿಡಿದು, "ಬಾ ಕಣ್ಣು, ಅಪ್ಪನ ತೊಡೆಗೆ ನೀನೇ ಹತ್ತೋದು ಕಲಿ" ಎಂದರು.