ಕಾರೆ ಮುಳ್ಳಿನ ಹೊದಿಕೆ

ಕಾರೆ ಗಿಡ ಯಾತಕ್ಕೆ ಬರುತ್ತದೆ ಎಂದು ಕೇಳಿದರೆ ಅಜ್ಜಿ ಬೆರಳು ಮಡಚುತ್ತಾ ಹೋಗುತ್ತಿದ್ದಳು. ಎಳೆ ಸೊಪ್ಪು ಸಾರಿಗೆ, ಹಣ್ಣು ಮಕ್ಕಳ ಬಾಯಿಗೆ, ಕೊಂಬೆ ಬೇಲಿಗೆ. ಇನ್ನೊಂದು ಉಪಯೋಗವನ್ನು ಮಕ್ಕಳೆದುರು ಹೇಳುತ್ತಿರಲಿಲ್ಲ. ಎಂಬತ್ತರ ದಶಕದ ಮೊದಲಲ್ಲಿ ನನ್ನ ತಂಗಿ, ಇನ್ನೂ ಹಲ್ಲು ಮೂಡದ ಕೂಸು, ಜ್ವರ ಬಂದು ತೀರಿಕೊಂಡಾಗ ಅದೂ ಗೊತ್ತಾಯಿತು.

ಕೂಸು ಸತ್ತರೆ ನಮ್ಮವರು ಸ್ವಂತ ಹೊಲದ ಬದುವಿನಲ್ಲಿ ಹೂಳುತ್ತಿದ್ದರು. ನಾಯಿ ಕೆದಕದಿರಲಿ ಎಂದು ಮೇಲೆ ಕಾರೆ ಮುಳ್ಳು ಹೊದಿಸುತ್ತಿದ್ದರು. ಆದರೆ ಹೊಲ ಎಲ್ಲಿತ್ತು? ಚಂದ್ರಾ ಲೇಔಟಿನ ಪಕ್ಕದ ನಮ್ಮ ರಾಗಿ ಹೊಲ ಆಗಲೇ ಸೈಟುಗಳಾಗಿತ್ತು. ಬದುವಿನ ಒಂದು ಮೂಲೆ ಮಾತ್ರ ಯಾರ ಸೈಟಿಗೂ ಸೇರದೆ ಉಳಿದಿತ್ತು. ಅಪ್ಪ ಹಟ ಹಿಡಿದು, ಜನ ಏಳುವ ಮೊದಲೇ ಅಲ್ಲಿ ಹೂತ. ಸುತ್ತಮುತ್ತ ಕಾರೆ ಪೊದೆ ಉಳಿದಿರಲಿಲ್ಲ. ಹಾಗಾಗಿ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಕೆಂಗೇರಿಯಾಚೆಯ ಗುಡ್ಡಕ್ಕೆ ಹೋಗಿ ಕಡಿದು ತಂದ. ಮಣ್ಣಿನ ಮೇಲೆ ಮುಳ್ಳು ಹರಡಿ ಕಲ್ಲು ಹೇರಿದ.

ಹೆಂಗಸರು ಅಲ್ಲಿಗೆ ಹೋಗುವ ಹಾಗಿರಲಿಲ್ಲ. ಅಮ್ಮ ಹೊಸಿಲಲ್ಲೇ ಕಾಯುತ್ತಿದ್ದಳು.

"ನಾಯಿ ಮುಟ್ಟಲ್ಲ ತಾನೆ?"

"ಕಾರೆ ಮುಳ್ಳು ಕಣೇ. ಯಾವ ನಾಯಿ ಬಾಯಿ ಹಾಕುತ್ತೆ?"

ಮೂರನೇ ದಿನ ಗುಂಡಿಗೆ ಹಾಲು ಬಿಡಲು ಹೋದಾಗ ಮುಳ್ಳು ಇರಲಿಲ್ಲ. ಕಲ್ಲುಗಳು ಪಕ್ಕಕ್ಕೆ ಉರುಳಿದ್ದವು. ಗುಂಡಿ ಕೆದರಿ ಬರಿದಾಗಿತ್ತು. ಅಪ್ಪ ನನ್ನ ಕಣ್ಣು ಮುಚ್ಚುವಷ್ಟರಲ್ಲಿ ನಾನು ನೋಡಿಬಿಟ್ಟಿದ್ದೆ.

ಎದುರಿನ ಹೊಸ ಮನೆಯ ಮುಂದೆ, ತೆಂಗಿನ ಸಸಿಯ ಸುತ್ತ, ನಮ್ಮ ಮುಳ್ಳು ನಿಂತಿತ್ತು. ಸಸಿಗೆ ನೀರು ಹಾಕುತ್ತಿದ್ದ ಮನೆಯ ಯಜಮಾನರು ನಾವು ದಿಟ್ಟಿಸುವುದನ್ನು ಕಂಡು ನಕ್ಕರು. ಕೆಟ್ಟವರಲ್ಲ, ಪೇಟೆಯ ಜನ. ಮುಳ್ಳಿನ ಕೆಳಗೆ ಏನಿರುತ್ತದೆಂದು ಅವರಿಗೇನು ಗೊತ್ತು?

"ಖಾಲಿ ಜಾಗದಲ್ಲಿ ಸುಮ್ನೆ ಬಿದ್ದಿತ್ತು. ಹಸುಗಳ ಕಾಟ ಅಂತ ತಂದು ಕಟ್ಟಿದೆ. ನಿಮ್ದಾ?"

ನಿಜ ಹೇಳಿದ್ದರೆ ಮನೆ ಮುಂದೆ ಹೆಣ ಹೂತರೆಂದು ಇಡೀ ಲೇಔಟು ಸೇರುತ್ತಿತ್ತು.

"ಅಲ್ಲ ಸಾರ್," ಎಂದ ಅಪ್ಪ.

ಆ ಮಾತಿಗೆ ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮದೇ ಹೊಲದಲ್ಲಿ ನಿಂತು ನಮ್ಮದಲ್ಲ ಅನ್ನಬೇಕೆ? ಅವರು ಒಳಗೆ ಹೋದ ಮೇಲೆ ಅಪ್ಪ ಕೈಯಲ್ಲೇ ಗುಂಡಿ ಮುಚ್ಚಿ, ಬರೀ ಮಣ್ಣಿನ ಮೇಲೆ ಹಾಲು ಸುರಿದ.

ಮನೆಗೆ ಬಂದಾಗ ಅಮ್ಮ ಕೇಳಿದ್ದು ಒಂದೇ ಮಾತು. "ಮುಳ್ಳು ಹಂಗೇ ಇದ್ಯಾ?"

"ಹಂಗೇ ಇದೆ," ಎಂದ ಅಪ್ಪ.

ಅಮ್ಮ ನನ್ನ ಮುಖ ನೋಡಿದಳು. ನಾನೂ ಹೌದೆಂದು ತಲೆಯಾಡಿಸಿದೆ. ಮಗು ಹೋದ ಮೇಲೆ ಅವಳು ಅನ್ನ ಮುಟ್ಟಿದ್ದು ಅವತ್ತೇ.